ಹತ್ತಂಕಿಯ ಸಂಖ್ಯೆಯೊಂದನ್ನು ಕೈಲೆಕ್ಕದಲ್ಲೇ ಅಪವರ್ತಿಸುವ ಬಗೆ

4,29,49,67,297 ಅವಿಭಾಜ್ಯ ಸಂಖ್ಯೆಯೇ ಎಂದು ತಿಳಿಯಲು ನೇರವಾಗಿ ಭಾಗಿಸುತ್ತ ಹೊರಟರೆ, ಅದರ ವರ್ಗಮೂಲವಾದ ಸುಮಾರು 65,536ರೊಳಗಿನ 6,542 ಅವಿಭಾಜ್ಯಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾದೀತು. ಆದರೆ ಇದು 2ರ 32ನೆಯ ಘಾತಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆ ಎಂಬುದನ್ನು ಮೊದಲು ಗುರುತಿಸಿಕೊಂಡರೆ, ಐದನೆಯ ಪ್ರಯತ್ನದಲ್ಲೇ ಉತ್ತರ ಸಿಗುತ್ತದೆ. 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದಾಗ ಬರುವ ಅವಿಭಾಜ್ಯಗಳಾದ 3, 5, 17, 257, 65,537 ಇವುಗಳ ಸಾಲಿನಲ್ಲಿ ಮುಂದಿನದಾದ ಇದೂ ಅವಿಭಾಜ್ಯವೆಂದು 17ನೆಯ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದು ತೋರಿಸಿದರು.

ಮೊದಲು ಭಾಜಕಗಳ ರೂಪವನ್ನು ನಿರ್ಧರಿಸಿಕೊಳ್ಳಿ. ಒಂದು ಅವಿಭಾಜ್ಯ ಪ ಈ ಸಂಖ್ಯೆಯನ್ನು ಭಾಗಿಸುವುದಾದರೆ, 2ರ 32ನೆಯ ಘಾತವನ್ನು ಪದಿಂದ ಭಾಗಿಸಿದಾಗ ಶೇಷ ಪ−1 ಆಗಿರಬೇಕು, ಅದರ ವರ್ಗವಾದ 64ನೆಯ ಘಾತದ ಶೇಷ 1 ಆಗಬೇಕು, ಮತ್ತು 64ಕ್ಕಿಂತ ಚಿಕ್ಕ ಯಾವ ಘಾತಕ್ಕೂ ಶೇಷ 1 ಬರಲಾರದು. ಆಗ ಫರ್ಮಾನ ಕಿರು ಪ್ರಮೇಯದ ಪ್ರಕಾರ (ಪದಿಂದ ಭಾಗವಾಗದ ಸಂಖ್ಯೆಯ ಪ−1ನೆಯ ಘಾತವನ್ನು ಪದಿಂದ ಭಾಗಿಸಿದರೆ ಶೇಷ ಯಾವಾಗಲೂ 1) 64 ಎಂಬುದು ಪ−1ನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. ಫರ್ಮಾನ ಊಹೆಯನ್ನು ಕೆಡವುವ ಸಾಧನ ಅವರದೇ ಪ್ರಮೇಯದಲ್ಲಿತ್ತು ಎಂಬುದು ನನಗೆ ಈ ಲೆಕ್ಕದಲ್ಲಿ ಅತ್ಯಂತ ಸೊಗಸಾಗಿ ಕಾಣುವ ಅಂಶ. ಹೀಗಾಗಿ 64ರ ಗುಣಕಗಳಿಗೆ 1 ಕೂಡಿಸಿ, ಬಂದವುಗಳಲ್ಲಿ ಅವಿಭಾಜ್ಯಗಳನ್ನು ಮಾತ್ರ ಉಳಿಸಿಕೊಂಡರೆ 193, 257, 449, 577, 641 ಎಂಬ ಪಟ್ಟಿ ದೊರೆಯುತ್ತದೆ.

ಪರೀಕ್ಷಿಸುವಾಗ ಹತ್ತಂಕಿಯ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ. 2ರ 16ನೆಯ ಘಾತ 65,536; ಅದರ ಶೇಷವನ್ನು ಕಂಡು, ಆ ಶೇಷವನ್ನು ವರ್ಗಮಾಡಿ, ಮತ್ತೊಮ್ಮೆ ಶೇಷ ತೆಗೆದು 1 ಕೂಡಿಸಿದರೆ ಸಾಕು. 193ರಲ್ಲಿ ಮೊದಲ ಶೇಷ 109. ಅದರ ವರ್ಗ 11,881ರ ಶೇಷ 108. 1 ಕೂಡಿಸಿದರೆ 109 ಆಗುವುದರಿಂದ 193 ಭಾಜಕವಲ್ಲ. 257, 449, 577 ಸಹ ಇದೇ ರೀತಿ ಬಿದ್ದುಹೋಗುತ್ತವೆ. 641ರಲ್ಲಿ 65,536ರ ಶೇಷ 154. ಅದರ ವರ್ಗ 23,716. ಅದರಿಂದ 641ರ 36 ಪಟ್ಟಾದ 23,076ನ್ನು ಕಳೆದರೆ ಉಳಿಯುವುದು 640. ಇದಕ್ಕೆ 1 ಕೂಡಿಸಿದರೆ ಸರಿಯಾಗಿ 641 ಬರುವುದರಿಂದ ಭಾಜಕ ಸಿಕ್ಕಿತು, ಭಾಗಲಬ್ಧ 67,00,417.

ಇಷ್ಟಕ್ಕೇ ನಿಲ್ಲಿಸಬಾರದು, ಭಾಗಲಬ್ಧವೂ ಅವಿಭಾಜ್ಯವೇ ಎಂದು ನೋಡಬೇಕು. ಅದರ ವರ್ಗಮೂಲ 2,589ಕ್ಕಿಂತ ಕಡಿಮೆಯಿದ್ದು, ಅದರ ಭಾಜಕಗಳೂ ಅದೇ ರೂಪದಲ್ಲಿ ಇರಬೇಕಾದ್ದರಿಂದ, 641ನ್ನು ಮತ್ತೊಮ್ಮೆಯೂ 769, 1153, 1217, 1409, 1601, 2113 ಇವುಗಳನ್ನು ಒಂದೊಂದು ಸಲವೂ ಪ್ರಯತ್ನಿಸಿದರೆ ಪರೀಕ್ಷೆ ಮುಗಿಯುತ್ತದೆ. ಯಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗುವುದಿಲ್ಲ.

ಅಪವರ್ತನಗಳು ಕೈಸೇರಿದ ಮೇಲೆ ಉಳಿದ ಗುಣಗಳು ಸುಲಭ. ಮೂಲ ಸಂಖ್ಯೆಗೆ 1 ಮತ್ತು ತಾನೂ ಸೇರಿ ನಾಲ್ಕೇ ಭಾಜಕಗಳಿದ್ದು, ಅವುಗಳ ಮೊತ್ತ 4,30,16,68,356; ಅದರೊಡನೆ 1ರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳು ಎಷ್ಟೆಂಬುದು 640 ಮತ್ತು 67,00,416ರ ಗುಣಲಬ್ಧವಾದ 4,28,82,66,240.