ಮನೆಮಂದಿಯ ಸಂತೋಷಕ್ಕೆ ಕತ್ತರಿ ಹಾಕದೆ ಗೃಹಸಾಲ ಬೇಗ ತೀರಿಸುವುದು ಹೇಗೆ?

ಶೇ 8.5ರ ಬಡ್ಡಿಗೆ, 20 ವರ್ಷಗಳ ಅವಧಿಗೆ 40 ಲಕ್ಷ ರೂಪಾಯಿ ಗೃಹಸಾಲ ಪಡೆದವರು ತಿಂಗಳಿಗೆ ಸುಮಾರು 34,700 ರೂಪಾಯಿ ಕಂತು ಕಟ್ಟಬೇಕಾಗುತ್ತದೆ. ಮೊದಲ ಕಂತಿನಲ್ಲಿ 28,300 ರೂಪಾಯಿಗೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವ ಮೊತ್ತ 6,400 ರೂಪಾಯಿಯನ್ನೂ ಮುಟ್ಟುವುದಿಲ್ಲ. ಹೀಗೇ ಸಾಗಿದರೆ ಸಾಲದ ಅರ್ಧಭಾಗ ತೀರುವುದು ಹತ್ತನೆಯ ವರ್ಷದಲ್ಲಲ್ಲ, ಹದಿನಾಲ್ಕನೆಯ ವರ್ಷ ಮುಗಿಯುತ್ತ ಬಂದಾಗ. ಪೂರ್ತಿ ಅವಧಿಯಲ್ಲಿ ಕಟ್ಟುವ ಬಡ್ಡಿಯೊಂದೇ 43 ಲಕ್ಷ ರೂಪಾಯಿ ದಾಟುತ್ತದೆ.

ಈ ಲೆಕ್ಕವನ್ನು ಮೊದಲ ಬಾರಿಗೆ ಕಂಡ ಕುಟುಂಬಗಳು ಸಾಮಾನ್ಯವಾಗಿ ಗಾಬರಿಗೆ ಬಿದ್ದು ಖರ್ಚಿಗೆ ಕೈ ಹಾಕುತ್ತವೆ. ದಸರಾ ರಜೆಯ ಪ್ರವಾಸ ರದ್ದಾಗುತ್ತದೆ, ಮಗಳ ಸಂಗೀತದ ತರಗತಿ ನಿಲ್ಲುತ್ತದೆ, ಭಾನುವಾರ ಹೊರಗೆ ಊಟಕ್ಕೆ ಹೋಗುವುದು ಅಪರಾಧವೆನಿಸತೊಡಗುತ್ತದೆ. ಇಂಥ ಶಿಸ್ತು ಹೆಚ್ಚು ಕಾಲ ಬಾಳುವುದಿಲ್ಲ, ಬಾಳಬೇಕಾದ ಅಗತ್ಯವೂ ಇಲ್ಲ. ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟುವ ಹಣವನ್ನು ಈಗಿನ ಸಂಸಾರದ ಖರ್ಚಿನಿಂದ ಕಿತ್ತುಕೊಳ್ಳುವ ಬದಲು, ಮನೆಗೆ ಇನ್ನೂ ರೂಢಿಯಾಗದ ಹಣದಿಂದ, ಅಂದರೆ ಮುಂದಿನ ವೇತನ ಬಡ್ತಿ, ತುಟ್ಟಿಭತ್ಯೆಯ ಬಾಕಿ, ಬೋನಸ್ ಮುಂತಾದವುಗಳಿಂದ ತೆಗೆಯುವುದೇ ಇಲ್ಲಿ ವಿವರಿಸುವ ದಾರಿ.

ಮೊದಲ ಹೆಜ್ಜೆ: ಸಾಲದ ಸ್ಥಿತಿ ತಿಳಿಯಿರಿ

ಬ್ಯಾಂಕಿನ ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ಸಾಲದ ವಿವರಪಟ್ಟಿ ಪಡೆದು ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ಬಾಕಿ ಅಸಲು, ಈಗಿನ ಬಡ್ಡಿದರ, ಉಳಿದ ಕಂತುಗಳ ಸಂಖ್ಯೆ, ದರ ಬದಲಾಗುವಂಥದ್ದೋ ಸ್ಥಿರವೋ ಎಂಬುದು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳು ಹಾಗೂ ವಾರ್ಷಿಕ ಬಡ್ಡಿದರ ಇರುವ ವಿವರವನ್ನು ಸಾಲಗಾರರಿಗೆ ಪ್ರತಿ ತ್ರೈಮಾಸಿಕದ ಕೊನೆಗೆ ಒದಗಿಸಬೇಕು.

ಉಳಿದ ಕಂತುಗಳ ಸಂಖ್ಯೆಯನ್ನು ನೋಡಿ ಬೆಚ್ಚಿಬೀಳುವವರು ಕಡಿಮೆಯಿಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ಬಡ್ಡಿದರ) ಶೇ 4ರಿಂದ ಶೇ 6.5ಕ್ಕೆ ಏರಿದಾಗ, ಅನೇಕ ಸಾಲಗಳಲ್ಲಿ ಕಂತು ಇದ್ದಷ್ಟೇ ಇದ್ದು ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಯಿತು. ಐದು ವರ್ಷ ಕಂತು ಕಟ್ಟಿದ ಮೇಲೂ ಹದಿನೈದಕ್ಕಿಂತ ಹೆಚ್ಚು ವರ್ಷ ಉಳಿದಿದ್ದರೆ ಕಾರಣ ಇದೇ.

ಬದಲಾಗುವ ದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಶುಲ್ಕ ವಿಧಿಸುವಂತಿಲ್ಲ ಎಂಬ ನಿಯಮ 2012ರಿಂದಲೇ ಇದೆ. ಸ್ಥಿರ ದರದ ಸಾಲವಾಗಿದ್ದರೆ ಮಾತ್ರ ಕರಾರುಪತ್ರದಲ್ಲಿ ಶುಲ್ಕದ ಷರತ್ತು ಏನಿದೆಯೆಂದು ಓದಿ ನೋಡಬೇಕು.

ಎರಡನೆಯ ಹೆಜ್ಜೆ: ಮೊದಲು ಕೈಕಾಸು, ಆಮೇಲೆ ಸಾಲ

ಸಾಲದ ಖಾತೆಗೆ ಹೋದ ಹಣ ಕಷ್ಟಕಾಲದಲ್ಲಿ ಸುಲಭವಾಗಿ ಹಿಂದಿರುಗುವುದಿಲ್ಲ. ಕೆಲಸ ಹೋದರೆ ಅಥವಾ ಹಿರಿಯರು ಆಸ್ಪತ್ರೆ ಸೇರಿದರೆ, ಕಳೆದ ವರ್ಷ ಎರಡು ಲಕ್ಷ ಹೆಚ್ಚಿಗೆ ಕಟ್ಟಿದ್ದೇನೆಂದು ಬ್ಯಾಂಕು ಈ ತಿಂಗಳ ಕಂತನ್ನು ಬಿಡುವುದಿಲ್ಲ. ಆದ್ದರಿಂದ ಕಂತೂ ಸೇರಿದಂತೆ ಆರು ತಿಂಗಳ ಸಂಸಾರದ ಖರ್ಚನ್ನು ಬೇಕೆಂದಾಗ ಮುರಿಸಬಹುದಾದ ಠೇವಣಿಯಲ್ಲಿ ಇಟ್ಟುಕೊಂಡ ಬಳಿಕವೇ ಮುಂದಿನ ಮಾತು. ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ, ದುಡಿಯುವವರ ಹೆಸರಿನಲ್ಲಿ ಕನಿಷ್ಠ ಬಾಕಿ ಸಾಲವನ್ನು ತೀರಿಸುವಷ್ಟು ಮೊತ್ತದ ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಸಿಗುವ ಜೀವವಿಮೆ) ಇರಬೇಕು. ತಿಂಗಳಿಗೆ ಶೇ 3ರ ಆಸುಪಾಸಿನಲ್ಲಿ ಬಡ್ಡಿ ತಿನ್ನುವ ಕ್ರೆಡಿಟ್ ಕಾರ್ಡ್ ಬಾಕಿಯಾಗಲಿ, ವೈಯಕ್ತಿಕ ಸಾಲವಾಗಲಿ ಇದ್ದರೆ ಮೊದಲು ತೀರಬೇಕಾದದ್ದು ಅದು. ಗೃಹಸಾಲ ಸಾಲಗಳಲ್ಲೆಲ್ಲ ಅಗ್ಗದ್ದು.

ಮೂರನೆಯ ಹೆಜ್ಜೆ: ಸಂತೋಷದ ಬಾಬ್ತನ್ನು ಬರೆದಿಡಿ

ಗಂಡ ಹೆಂಡತಿ ಇಬ್ಬರೂ ಕುಳಿತು, ಮಕ್ಕಳು ತಿಳಿವಳಿಕೆ ಬಂದವರಾಗಿದ್ದರೆ ಅವರನ್ನೂ ಕೂರಿಸಿಕೊಂಡು, ವರ್ಷದಲ್ಲಿ ಯಾವುದನ್ನು ಬಿಡಲು ಮನಸ್ಸಿಲ್ಲವೆಂದು ಪಟ್ಟಿ ಮಾಡಬೇಕು. ಕೆಲವರಿಗೆ ಅದು ಊರಿನ ಜಾತ್ರೆ, ಕೆಲವರಿಗೆ ಬೇಸಿಗೆಯಲ್ಲಿ ಕರಾವಳಿಯಲ್ಲಿ ನಾಲ್ಕು ದಿನ, ಇನ್ನು ಕೆಲವರಿಗೆ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ಕರೆಸಿ ಬಾಗಿನ ಕೊಡುವುದು. ಪಟ್ಟಿಯಲ್ಲಿರುವುದಕ್ಕೆ ಅಂದಾಜು ಮೊತ್ತ ಹಾಕಿ, ಹನ್ನೆರಡರಿಂದ ಭಾಗಿಸಿ, ಅಷ್ಟನ್ನು ಪ್ರತ್ಯೇಕ ಆರ್‌.ಡಿ. ಖಾತೆಗೆ ಕಟ್ಟುತ್ತ ಹೋದರೆ ಪ್ರವಾಸದ ಹೊತ್ತಿಗೆ ಕಾರ್ಡ್ ಉಜ್ಜುವ ಪ್ರಸಂಗ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಏನೇನಿದೆಯೆಂದು ನೋಡುವುದೂ ಉಪಯುಕ್ತ. ಯಾರೂ ನೋಡದ ಒಟಿಟಿ ಚಂದಾ, ತಡರಾತ್ರಿ ತರಿಸುವ ತಿಂಡಿ, ಎರಡು ವರ್ಷಕ್ಕೊಮ್ಮೆ ಬದಲಾಗುವ ಮೊಬೈಲು ಯಾರ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಕತ್ತರಿ ಆಡಿಸಲೇಬೇಕೆಂದಿದ್ದರೆ ಅಲ್ಲಿ ಆಡಿಸಬಹುದು.

ನಾಲ್ಕನೆಯ ಹೆಜ್ಜೆ: ಬಡ್ತಿಯೊಡನೆ ಕಂತನ್ನೂ ಏರಿಸಿ

ಇಡೀ ಯೋಜನೆಯ ಬಲ ಇರುವುದು ಇಲ್ಲಿ. ಮೇಲಿನ ಉದಾಹರಣೆಯ ಕುಟುಂಬಕ್ಕೆ ತಿಂಗಳಿಗೆ 90,000 ರೂಪಾಯಿ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷದ ಕೊನೆಯಲ್ಲಿ ಶೇ 8ರಷ್ಟು ಸಂಬಳ ಏರಿದರೆ 7,200 ರೂಪಾಯಿ ಹೆಚ್ಚಾಗುತ್ತದೆ. ಕಂತನ್ನು ಶೇ 5ರಷ್ಟು ಏರಿಸಲು ಬೇಕಾಗುವುದು ಸುಮಾರು 1,735 ರೂಪಾಯಿ, ಅಂದರೆ ಹೆಚ್ಚಳದ ಕಾಲು ಭಾಗಕ್ಕಿಂತ ಕಡಿಮೆ. ಉಳಿದ ಮುಕ್ಕಾಲು ಭಾಗ ಮನೆಯ ಖರ್ಚಿಗೇ ಸೇರುತ್ತದೆ. ಹೀಗೆ ಪ್ರತಿ ವರ್ಷ ಶೇ 5ರಷ್ಟು ಏರಿಸುತ್ತ ಹೋದರೆ 20 ವರ್ಷದ ಸಾಲ 12 ವರ್ಷಕ್ಕೆ ಎರಡು ಮೂರು ತಿಂಗಳು ಸೇರಿಸಿದಷ್ಟರಲ್ಲಿ ತೀರುತ್ತದೆ, 15 ಲಕ್ಷ ರೂಪಾಯಿಗೂ ಮಿಕ್ಕಿ ಬಡ್ಡಿ ಉಳಿಯುತ್ತದೆ. ಹಲವು ಬ್ಯಾಂಕುಗಳು ಕೋರಿಕೆಯ ಮೇರೆಗೆ ಕಂತನ್ನು ಏರಿಸಿಕೊಡುತ್ತವೆ. ಸಂಬಳ ಏರದ ವರ್ಷ ಬಂದೀತೆಂಬ ಅಳುಕಿರುವವರು ಅಧಿಕೃತ ಕಂತನ್ನು ಹಾಗೆಯೇ ಬಿಟ್ಟು, ಹೆಚ್ಚುವರಿ ಮೊತ್ತವನ್ನು ಭಾಗಶಃ ಮರುಪಾವತಿಯಾಗಿ ತಾವೇ ಕಟ್ಟುವುದು ಕ್ಷೇಮ.

ಕಂತು ಏರಿಸುವುದು ಕಷ್ಟವೆನಿಸಿದರೆ ವರ್ಷಕ್ಕೆ ಒಂದು ಕಂತನ್ನು ಹೆಚ್ಚಿಗೆ ಕಟ್ಟಬಹುದು. ಸರ್ಕಾರಿ ನೌಕರರಿಗೆ ಗಳಿಕೆ ರಜೆಯ ನಗದೀಕರಣದಿಂದ ಅಥವಾ ತುಟ್ಟಿಭತ್ಯೆಯ ಹಿಂಬಾಕಿಯಿಂದ, ಖಾಸಗಿ ನೌಕರರಿಗೆ ಬೋನಸ್‌ನಿಂದ, ತೋಟವಿದ್ದವರಿಗೆ ಅಡಿಕೆಯೋ ಕಾಫಿಯೋ ಮಾರಿದ ಹಣದಿಂದ ಇದು ಹೊಂದಿಕೆಯಾಗುತ್ತದೆ. ಹದಿಮೂರನೆಯ ಈ ಕಂತಿನಿಂದ ಮೂರು ವರ್ಷಕ್ಕೂ ಹೆಚ್ಚು ಅವಧಿ ಮತ್ತು ಸುಮಾರು 8 ಲಕ್ಷ ರೂಪಾಯಿ ಬಡ್ಡಿ ಕಡಿಮೆಯಾಗುತ್ತದೆ. ಇಂಥ ಇಡಿಗಂಟು ಬಂದಾಗ ಪೂರ್ತಿ ಸಾಲಕ್ಕೇ ಸುರಿಯುವುದಕ್ಕಿಂತ ಮೂರರಲ್ಲಿ ಎರಡು ಪಾಲು ಸಾಲಕ್ಕೆ, ಒಂದು ಪಾಲು ಮನೆಗೆ ಎಂದು ಮೊದಲೇ ನಿಶ್ಚಯಿಸಿಕೊಂಡರೆ ಬೋನಸ್ ಬಂದ ಸಂಭ್ರಮ ಮನೆಯವರಿಗೂ ತಲುಪುತ್ತದೆ.

ಯಾವಾಗ ಕಟ್ಟುತ್ತೇವೆ ಎಂಬುದು ಎಷ್ಟು ಕಟ್ಟುತ್ತೇವೆ ಎಂಬುದರಷ್ಟೇ ಮುಖ್ಯ. ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಯಲ್ಲಿ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ ಸುಮಾರು 3.75 ಲಕ್ಷ ರೂಪಾಯಿ ಬಡ್ಡಿ ಉಳಿಯುತ್ತದೆ. ಹದಿನೈದನೆಯ ವರ್ಷದ ಕೊನೆಯಲ್ಲಿ ಅಷ್ಟೇ ಹಣ ಕಟ್ಟಿದರೆ ಉಳಿಯುವುದು 50 ಸಾವಿರದ ಆಸುಪಾಸು. ಮಕ್ಕಳು ಚಿಕ್ಕವರಿದ್ದು ಕಾಲೇಜು ಶುಲ್ಕದ ಹೊರೆ ಇನ್ನೂ ಬಾರದ ವರ್ಷಗಳೇ ಸಾಲದ ಮೊದಲ ವರ್ಷಗಳೂ ಆಗಿರುವುದು ಅನೇಕ ಮನೆಗಳ ಪುಣ್ಯ.

ಐದನೆಯ ಹೆಜ್ಜೆ: ಅವಧಿ ಇಳಿಸಲು ಲಿಖಿತವಾಗಿ ಕೇಳಿ

ಭಾಗಶಃ ಮರುಪಾವತಿ ಮಾಡಿದಾಗ ಬ್ಯಾಂಕಿನ ಮುಂದೆ ಎರಡು ಮಾರ್ಗಗಳಿರುತ್ತವೆ: ಅವಧಿಯನ್ನು ಹಾಗೆಯೇ ಇಟ್ಟು ಕಂತನ್ನು ಇಳಿಸುವುದು, ಅಥವಾ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಇಳಿಸುವುದು. ಬಡ್ಡಿ ಹೆಚ್ಚು ಉಳಿಯುವುದು ಎರಡನೆಯದರಲ್ಲಿ. ಆದ್ದರಿಂದ ಆ್ಯಪ್‌ನಲ್ಲಿ ಆ ಆಯ್ಕೆಯನ್ನೇ ಒತ್ತಬೇಕು, ಶಾಖೆಯಲ್ಲಾದರೆ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು ಸ್ವೀಕೃತಿ ಪಡೆಯಬೇಕು, ಮರುತಿಂಗಳು ವಿವರಪಟ್ಟಿ ತೆಗೆದು ಕಟ್ಟಿದ ಹಣ ಅಸಲಿಗೇ ಜಮೆಯಾಗಿದೆಯೇ, ಮುಂಗಡ ಕಂತೆಂದು ಬಿದ್ದಿದೆಯೇ ಎಂದು ನೋಡಬೇಕು. ಒಬ್ಬರ ಸಂಬಳ ನಿಂತು ತಿಂಗಳ ಖರ್ಚೇ ಬಿಗಿಯಾಗಿರುವ ಮನೆಗೆ ಮಾತ್ರ ಕಂತು ಇಳಿಸಿಕೊಳ್ಳುವುದು ಸರಿಯಾದ ತೀರ್ಮಾನ.

ಬಡ್ಡಿದರ ಇಳಿದಾಗಲೂ ಇದೇ ಸೂತ್ರ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು. ರೆಪೊಗೆ ಜೋಡಿಸಿದ ಸಾಲಗಳ ದರವನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಬೇಕಾದ್ದರಿಂದ ಅದರ ಲಾಭ ಅಂಥ ಸಾಲಗಾರರಿಗೆ ತಲುಪುತ್ತದೆ. ಹಳೆಯ ಕಂತನ್ನೇ ಮುಂದುವರಿಸಿದರೆ ಕೈಯಿಂದ ಒಂದು ರೂಪಾಯಿಯೂ ಹೆಚ್ಚಿಗೆ ಬಿಡದೆ ಅವಧಿ ಕುಗ್ಗುತ್ತದೆ. 2019ರ ಅಕ್ಟೋಬರ್‌ಗೆ ಮೊದಲಿನ ಹಳೆಯ ಪದ್ಧತಿಯಲ್ಲೇ ಉಳಿದಿರುವವರು ರೆಪೊ ಆಧಾರಿತ ದರಕ್ಕೆ ಬದಲಾಯಿಸಿಕೊಡುವಂತೆ ತಮ್ಮ ಬ್ಯಾಂಕನ್ನು ಕೇಳಬೇಕು.

ತೆರಿಗೆಯ ಆಸೆಗೆ ಸಾಲವನ್ನು ಉಳಿಸಿಕೊಳ್ಳಬೇಕೆ?

ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ ಗರಿಷ್ಠ 2 ಲಕ್ಷ ರೂಪಾಯಿ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದು ಇಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿ ಸುಮಾರು 3.37 ಲಕ್ಷ ರೂಪಾಯಿಯಾದ್ದರಿಂದ, ಹಳೆಯ ಪದ್ಧತಿಯಲ್ಲಿರುವವರಿಗೂ 1.37 ಲಕ್ಷಕ್ಕೆ ಯಾವ ಲಾಭವೂ ಸಿಗದು. ವಾರ್ಷಿಕ ಬಡ್ಡಿ 2 ಲಕ್ಷಕ್ಕಿಂತ ಕೆಳಗಿಳಿದ ಮೇಲೆ, ಅದೂ ಶೇ 30ರ ತೆರಿಗೆ ಹಂತದಲ್ಲಿದ್ದರೆ, ಅವಸರಪಡದೆ ಆ ಹಣವನ್ನು ಮಕ್ಕಳ ಓದಿಗೋ ನಿವೃತ್ತಿಗೋ ತೆಗೆದಿಡುವ ವಾದದಲ್ಲಿ ಹುರುಳಿದೆ. ಭವಿಷ್ಯನಿಧಿಯನ್ನು ಒಡೆದು ಸಾಲ ತೀರಿಸುವುದು ಮಾತ್ರ ಈ ಲೇಖಕರಿಗೆ ಒಪ್ಪಿತವಲ್ಲ.

ಕೊನೆಯ ಹೆಜ್ಜೆ: ಕಾಗದಪತ್ರ ಪೂರ್ತಿ ಪಡೆಯಿರಿ

ಕೊನೆಯ ಪಾವತಿಯಾದ ಮೇಲೆ ಬಾಕಿ ಇಲ್ಲವೆಂಬ ಪತ್ರವನ್ನು ಪಡೆದು, ಕಂತು ಕಡಿತಕ್ಕೆ ಕೊಟ್ಟಿದ್ದ ಖಾತೆಯ ಆದೇಶವನ್ನು ರದ್ದುಪಡಿಸಿ, ಭದ್ರತೆಗೆ ಕೊಟ್ಟ ಚೆಕ್ಕುಗಳಿದ್ದರೆ ಹಿಂದಕ್ಕೆ ಪಡೆಯಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಕ್ರಯಪತ್ರ, ಮೂಲಪತ್ರಗಳನ್ನು ಸಾಲ ಪಡೆಯುವಾಗ ಬ್ಯಾಂಕು ಕೊಟ್ಟ ದಾಖಲೆಗಳ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿದ ಮೇಲಷ್ಟೇ ಸಹಿ ಹಾಕಬೇಕು. ಕರ್ನಾಟಕದಲ್ಲಿ ಹಕ್ಕುಪತ್ರ ಠೇವಣಿಯನ್ನು (ಸಾಲದ ಭದ್ರತೆಗೆ ಆಸ್ತಿಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿದ ಕರಾರನ್ನು) ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯೂ ಅಲ್ಲಿಯೇ ನೋಂದಣಿಯಾಗಬೇಕು. ಬಳಿಕ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹೊಸದಾಗಿ ಇ.ಸಿ. (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆದು ಬಿಡುಗಡೆಯ ನಮೂದು ಬಂದಿರುವುದನ್ನು ಖಾತರಿಪಡಿಸಿಕೊಂಡರೆ, ಮುಂದೆ ಮಕ್ಕಳ ಹೆಸರಿಗೆ ಆಸ್ತಿ ವರ್ಗಾಯಿಸುವಾಗ ಮುಚ್ಚಿಹೋದ ಶಾಖೆಯ ವಿಳಾಸ ಹುಡುಕುತ್ತ ಅಲೆಯಬೇಕಾಗುವುದಿಲ್ಲ.