ಬಾಡಿಗೆಯಲ್ಲಿ ಪರ್ಸೆಂಟೋ, ಕಿಲೋಮೀಟರ್ ಲೆಕ್ಕವೋ? ಲಾರಿ ಹತ್ತುವ ಮೊದಲು ಲೆಕ್ಕ ಹಾಕಿ ನೋಡಿ

ಕುಶಾಲನಗರದಲ್ಲಿ ಲಾರಿ ಓನರ್‌ಗಳಿಗೆ ಟ್ರಿಪ್ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಡ್ರೈವರ್‌ಗೆ ದುಡ್ಡು ಕೊಡುವ ಎರಡು ಲೆಕ್ಕದ ಮಾತು ಇದು: ಲೋಡಿನ ಬಾಡಿಗೆಯಲ್ಲಿ ನೂರಕ್ಕೆ ಇಷ್ಟು, ಇಲ್ಲ ಓಡಿದ ಕಿಲೋಮೀಟರಿಗೆ ಇಷ್ಟು. ಕಾಫಿ ಕೊಯ್ಲು ಶುರುವಾದರೆ ಒಂದಿಬ್ಬರು ಡ್ರೈವರ್‌ಗಳಾದರೂ ಗಾಡಿ ಬದಲಾಯಿಸುತ್ತಾರೆ. "ಅಲ್ಲಿ ಬಾಡಿಗೆಯಲ್ಲಿ ನೂರಕ್ಕೆ ಹನ್ನೆರಡು ಕೊಡ್ತಾರಂತೆ ಅಣ್ಣ" ಅಂತಾರೆ. ಜೂನ್ ಹೊತ್ತಿಗೆ ಮುಖ ಸಣ್ಣಗೆ ಮಾಡಿಕೊಂಡು ವಾಪಸ್. ಲೆಕ್ಕ ಹಾಕದೆ ಹೋದದ್ದೇ ತಪ್ಪು.

ಮೊದಲು ಒಂದು ತಿಂಗಳು ಪ್ರತಿ ಟ್ರಿಪ್‌ನ ಮೀಟರ್ ರೀಡಿಂಗ್, ಬಾಡಿಗೆ, ಹಿಡಿದ ದಿನ, ಮೂರನ್ನೂ ಬರೆದಿಡಿ. ಬಾಲ್ ಪೆನ್‌ನಲ್ಲೇ ಬರೆಯಿರಿ. ಜೆಲ್ ಪೆನ್‌ನ ಬರಹ ಕೊಡಗಿನ ಜುಲೈ ದಾಟುವುದಿಲ್ಲ.

ಎರಡನೆಯದು, ಎಲ್ಲರೂ ಮುಗ್ಗರಿಸುವ ಜಾಗ: ಹನ್ನೆರಡು ಪರ್ಸೆಂಟ್ ಸರಿ, ಯಾವುದರ ಮೇಲೆ? ಕುಶಾಲನಗರದಿಂದ ಮಂಗಳೂರಿಗೆ ಹೋಗಿಬರಲು 340 ಕಿಲೋಮೀಟರ್, ಬಾಡಿಗೆ 18,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಪೂರ್ತಿ ಬಾಡಿಗೆಯ ಮೇಲಾದರೆ ನಿಮಗೆ 2,160. ಓನರ್ ಮೊದಲು ಬ್ರೋಕರ್‌ಗೆ 1,000, ಡೀಸೆಲ್‌ಗೆ 7,000 ಕಳೆದು, ಉಳಿದ 10,000ಕ್ಕೆ ಪರ್ಸೆಂಟ್ ಹಾಕಿದರೆ 1,200 ಮಾತ್ರ. ಮಾತು ಅದೇ ಹನ್ನೆರಡು, ಕೈಗೆ ಬಂದದ್ದು ಹತ್ತಿರ ಹತ್ತಿರ ಅರ್ಧ! ಟೋಲ್, ಹಮಾಲಿ ಯಾರ ತಲೆಗೆ ಅಂತಲೂ ಆಗಲೇ ಕೇಳಿ. ಬಾಡಿಗೆ ಚೀಟಿ ತೋರಿಸಲು ಒಪ್ಪದ ಓನರ್ ಹತ್ತಿರ ಪರ್ಸೆಂಟ್ ಮಾತೇ ಬೇಡ. ಬಾಡಿಗೆ ಎಷ್ಟು ಅಂತಲೇ ಗೊತ್ತಿಲ್ಲದೆ ಪಾಲು ಕೇಳುವುದು ಹೇಗೆ?

ಕಿಲೋಮೀಟರ್ ಲೆಕ್ಕದಲ್ಲೂ ಇಂಥದ್ದೇ ಗುಂಡಿ ಇದೆ. ಖಾಲಿ ಬರುವ ದಾರಿಗೂ ದುಡ್ಡು ಇದೆಯಾ? ಕಿಲೋಮೀಟರಿಗೆ 6 ರೂಪಾಯಿ ಅಂದರೆ 340ಕ್ಕೆ 2,040. ಲೋಡ್ ಇದ್ದ ದಾರಿಗೆ ಮಾತ್ರ ಅಂದರೆ 1,020. ಮೀಟರ್ ನೋಡಿ ಕೊಡುತ್ತಾರಾ, ಊರಿಂದೂರಿಗೆ ದೂರ ಬರೆದಿಟ್ಟ ಪಟ್ಟಿ ನೋಡಿ ಕೊಡುತ್ತಾರಾ? ಅಮೆರಿಕದ ಡ್ರೈವರ್‌ಗಳದ್ದೂ ಇದೇ ಜಗಳ. ಅಲ್ಲಿ ಮೈಲಿ ಲೆಕ್ಕ. ಮನೆ ಸಾಮಾನು ಸಾಗಿಸುವವರಿಗೆಂದು ಮಾಡಿದ ದೂರದ ಪಟ್ಟಿ ಹಿಡಿದು ಕೆಲವು ಕಂಪನಿಗಳು ಸಂಬಳ ಕೊಡುತ್ತವೆ. ಗಾಡಿ ನಿಜವಾಗಿ ಓಡುವುದು ಅದಕ್ಕಿಂತ ಜಾಸ್ತಿ. ಮೊಬೈಲ್ ಮ್ಯಾಪ್ ತೋರಿಸುವ ದೂರವನ್ನೂ ಒಪ್ಪಬೇಡಿ, ಅದು ಕಾರಿನ ದಾರಿ.

ಇನ್ನು ಹೋಲಿಕೆ. ಪರ್ಸೆಂಟ್ ಪೂರ್ತಿ ಬಾಡಿಗೆಗೆ, ಕಿಲೋಮೀಟರ್ ದುಡ್ಡು ಖಾಲಿ ದಾರಿಗೂ ಸೇರಿ ಅಂತ ಇಟ್ಟುಕೊಳ್ಳಿ. ಕಿಲೋಮೀಟರ್ ರೇಟ್ 6ನ್ನು 100ರಿಂದ ಗುಣಿಸಿ, ಪರ್ಸೆಂಟ್ 12ರಿಂದ ಭಾಗಿಸಿ. 50 ಬಂತು, ಅಲ್ವಾ? ಟ್ರಿಪ್‌ನ ಪೂರ್ತಿ ಬಾಡಿಗೆಯನ್ನು ಹೋಗಿಬಂದ ಒಟ್ಟು ಕಿಲೋಮೀಟರಿನಿಂದ ಭಾಗಿಸಿದಾಗ 50ಕ್ಕಿಂತ ಜಾಸ್ತಿ ಬಂದರೆ ಪರ್ಸೆಂಟ್ ಲಾಭ, ಕಡಿಮೆ ಬಂದರೆ ಕಿಲೋಮೀಟರ್. ಮಂಗಳೂರು ಟ್ರಿಪ್‌ಗೆ ಸುಮಾರು 53 ಬರುತ್ತದೆ. ಪರ್ಸೆಂಟ್ ಸ್ವಲ್ಪ ಮುಂದೆ. ವಾಪಸ್ ಬರುವಾಗ ಲೋಡ್ ಸಿಕ್ಕರೆ ಇನ್ನೂ ಮುಂದೆ. ತೋಟದಿಂದ ಕ್ಯೂರಿಂಗ್‌ಗೆ, ಅಂದರೆ ಕಾಫಿ ಸಿಪ್ಪೆ ತೆಗೆದು ಹದಮಾಡುವ ಕಾರ್ಖಾನೆಗೆ, ಹೋಗಿಬರಲು 60 ಕಿಲೋಮೀಟರ್, ಬಾಡಿಗೆ 4,000 ಅನ್ನಿ. ಕಿಲೋಮೀಟರ್ ಲೆಕ್ಕದಲ್ಲಿ ಬರೀ 360, ಪರ್ಸೆಂಟ್‌ನಲ್ಲಿ 480. ಮೂಟೆ ಹೇರಿ ಇಳಿಸುವುದರಲ್ಲೇ ದಿನ ಹೋಗುವ ಇಂಥ ಸಣ್ಣ ಓಡಾಟಕ್ಕೆ ಕಿಲೋಮೀಟರ್ ಲೆಕ್ಕ ಒಪ್ಪಲೇಬೇಡಿ.

ಆದರೆ ಇದು ಕೊಡಗು, ಮಳೆಗಾಲದ ಲೆಕ್ಕವೇ ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿತ್ತು. ಹಾಗೆ ಘಾಟಿ ಬಂದ್ ಆಗಿ ಹಾಸನ, ಶಿರಾಡಿ ಸುತ್ತಿ ಹೋಗಬೇಕಾದಾಗ 340 ಹೋಗಿ 500 ಆಯಿತು ಅನ್ನಿ. ಬಾಡಿಗೆ ಏರದಿದ್ದರೆ ಪರ್ಸೆಂಟಿನವನಿಗೆ ಅದೇ 2,160, ಮೀಟರ್ ಲೆಕ್ಕದವನಿಗೆ 3,000. ಅದಕ್ಕೇ ನಾನು ಹೇಳುವುದು, ಕೊಯ್ಲಿಗೆ ಪರ್ಸೆಂಟ್, ಮಳೆಗೆ ಕಿಲೋಮೀಟರ್ ಅಂತ ಮೊದಲೇ ಮಾತಾಡಿಕೊಳ್ಳಿ. ಒಪ್ಪುವ ಓನರ್‌ಗಳೂ ಇದ್ದಾರೆ.

ಲೋಡ್ ಇಳಿಸಲು ಕಾದು ನಿಂತ ದಿನಕ್ಕೆ ಬತ್ತಾ ಎಷ್ಟು ಅಂತಲೂ ಕೇಳಿ. ಎರಡೂ ಲೆಕ್ಕದಲ್ಲಿ ನಿಂತ ಗಾಡಿಗೆ ಸೊನ್ನೆ. ಕೊನೆಗೆ ತಿಂಗಳ ದುಡ್ಡನ್ನು ಕೆಲಸದ ದಿನಗಳಿಂದ ಭಾಗಿಸಿ ನೋಡಿ, ನಿಂತ ದಿನವನ್ನೂ ಸೇರಿಸಿ.

ಒಪ್ಪಿದ್ದನ್ನೆಲ್ಲ ಓನರ್ ಕೈಯಲ್ಲೇ ವಾಟ್ಸಾಪ್‌ನಲ್ಲಿ ಹಾಕಿಸಿಕೊಳ್ಳಿ. "ಅವರು ನಮ್ಮೋರೇ ಬಿಡಿ" ಅಂದವರ ಜಗಳ ಬಿಡಿಸಿ ನನಗೆ ಸಾಕಾಗಿದೆ.