ಸಿಯೋಲ್‌ನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಕಿಲೋ ನಾಯಿ

ಊರಿನಿಂದ ಸಿಯೋಲ್‌ಗೆ ನಾಯಿ ತರಬೇಕು ಎನ್ನುವವರೆಲ್ಲ ಮೊದಲು ಕೇಳುವುದು ವಿಮಾನದ ವಿಷಯ. ವಿಮಾನ ಒಂದು ದಿನದ ಕಷ್ಟ. ಲಿಫ್ಟು ದಿನಕ್ಕೆ ನಾಲ್ಕು ಸಲದ ಕಷ್ಟ. ಆದರೂ ಕಾಗದಪತ್ರದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ಅನುಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತೀರಿ.

ಕೊರಿಯಾ ಇಟ್ಟಿರುವ ರೇಬೀಸ್ ಇಲ್ಲದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಮೈಕ್ರೋಚಿಪ್, ಸರ್ಕಾರಿ ಆರೋಗ್ಯ ಪ್ರಮಾಣಪತ್ರ ಎರಡರ ಜತೆಗೆ ರಕ್ತಪರೀಕ್ಷೆಯ ವರದಿಯೂ ಬೇಕು. ನಾನು ಮಾಡಿಸಿದ್ದು ಹೀಗೆ: ಮೊದಲು ಐಎಸ್ಒ ಗುಣಮಟ್ಟದ 15 ಅಂಕಿಯ ಚಿಪ್, ಆಮೇಲೆ ರೇಬೀಸ್ ಲಸಿಕೆ, ಅದಾದ ಸುಮಾರು ಒಂದು ತಿಂಗಳಿಗೆ ರಕ್ತ. ಲಸಿಕೆ ಹಾಕಿಸಿದ ಮರುವಾರವೇ ರಕ್ತ ತೆಗೆಸಿದರೆ ಪ್ರತಿಕಾಯ ಇನ್ನೂ ಬೆಳೆದಿರುವುದಿಲ್ಲ, ಪರೀಕ್ಷೆಯ ದುಡ್ಡು ದಂಡ. ವರದಿಯಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಹೆಚ್ಚು ಇರಬೇಕು. ರಕ್ತ ತೆಗೆದ ದಿನದಿಂದ ವಿಮಾನ ಹತ್ತುವ ದಿನಕ್ಕೆ ಕನಿಷ್ಠ 30 ದಿನ ಕಳೆದಿರಬೇಕು, 24 ತಿಂಗಳು ಮೀರಿರಬಾರದು. ಚಿಪ್ ಸಂಖ್ಯೆಯನ್ನು ಎಲ್ಲ ಕಾಗದದಲ್ಲೂ ಒಂದೊಂದೇ ಅಂಕಿ ಬೆರಳಿಟ್ಟು ಓದಿ. ಒಂದು ಅಂಕಿ ಅದಲು ಬದಲಾದರೂ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ನಾಯಿ ಕ್ವಾರಂಟೈನಿಗೆ ಹೋಗಬಹುದು, ಖರ್ಚು ನಿಮ್ಮದು.

ಮನೆ ಹುಡುಕುವಾಗ ಬ್ರೋಕರಿಗೆ ಮೊದಲ ಮಾತಿನಲ್ಲೇ ‘ಗಾಂಗಾಜಿ ಇದೆ’ ಎಂದುಬಿಡಿ. ಗಾಂಗಾಜಿ ಅಂದರೆ ಮರಿ, ಆದರೆ ಹತ್ತು ವರ್ಷದ ಪುಟ್ಟ ನಾಯಿಗೂ ಇಲ್ಲಿನವರು ಹಾಗೇ ಅನ್ನುತ್ತಾರೆ. ಒಪ್ಪಂದದ ಕೊನೆಯಲ್ಲಿ ವಿಶೇಷ ಷರತ್ತುಗಳ ಭಾಗ ಇರುತ್ತದೆ. ಪ್ರಾಣಿ ಸಾಕಬಾರದು ಎಂಬ ಸಾಲು ಇದ್ದರೆ ಕಾಣಿಸುವುದು ಅಲ್ಲೇ. ಸಾಲು ಇಲ್ಲದಿದ್ದರೂ ಮಾಲೀಕರ ಒಪ್ಪಿಗೆಯನ್ನು ಮೆಸೇಜಿನಲ್ಲಿ ತೆಗೆದಿಟ್ಟುಕೊಳ್ಳಿ. ಒಳಗೆ ಹೋದ ದಿನವೇ ಗೋಡೆಕಾಗದದ ಕೆಳಗಿನ ಅಂಚು, ಬಾಗಿಲ ಚೌಕಟ್ಟು, ನೆಲದ ಮೂಲೆಗಳ ಫೋಟೋ ಹೊಡೆದಿಡಿ. ಖಾಲಿ ಮಾಡುವ ದಿನ ಠೇವಣಿಯಿಂದ ಕಡಿತದ ಮಾತು ಬಂದರೆ ಅದು ಬರುವುದು ಈ ಮೂರು ಜಾಗದ ಹೆಸರಿನಲ್ಲೇ.

ಎರಡು ತಿಂಗಳು ದಾಟಿದ ನಾಯಿಗೆ ನೋಂದಣಿ ಕಡ್ಡಾಯ. ಮಾಡಿಸದಿದ್ದರೆ ದಂಡ 10 ಲಕ್ಷ ವಾನ್‌ವರೆಗೆ ಹೋಗಬಹುದು. ವಾರ್ಡ್ ಕಚೇರಿಗಿಂತ, ನೋಂದಣಿಗೆ ಅಧಿಕಾರವಿರುವ ಹತ್ತಿರದ ಪಶು ಆಸ್ಪತ್ರೆ ಸಲೀಸು. ಇಲ್ಲಿ ನೆಲೆಸಿದ ವಿದೇಶಿಯರಿಗೆ ಕೊಡುವ ನಿಮ್ಮ ನೋಂದಣಿ ಕಾರ್ಡ್ ಕೈಯಲ್ಲಿರಲಿ. ಊರಿನ ಚಿಪ್ಪನ್ನು ಮೊದಲು ಸ್ಕ್ಯಾನ್ ಮಾಡಿಸಿ ತೋರಿಸಿ, ಇಲ್ಲದಿದ್ದರೆ ಸುಮ್ಮನೆ ಎರಡನೇದು ಚುಚ್ಚಿಸಿಕೊಂಡು ಬರುತ್ತೀರಿ. ವಿಳಾಸ ಬದಲಾದರೆ 30 ದಿನದೊಳಗೆ, ನಾಯಿ ಕಳೆದರೆ 10 ದಿನದೊಳಗೆ ತಿಳಿಸಬೇಕು.

ಇನ್ನು ಲಿಫ್ಟು. 2022ರ ಫೆಬ್ರುವರಿಯಿಂದ ಹೊರಗೆ ಹಗ್ಗದ ಉದ್ದ 2 ಮೀಟರ್ ಮೀರುವಂತಿಲ್ಲ. ಚಕ್ರದಿಂದ ಎಳೆದು ಬಿಡುವ 5 ಮೀಟರಿನ ಹಗ್ಗ ಇದ್ದರೆ 2 ಮೀಟರಿಗೆ ಲಾಕ್ ಮಾಡಿ ನಡೆಯಬೇಕು. ಲಿಫ್ಟು, ಮೆಟ್ಟಿಲು, ಕಾರಿಡಾರಿನಂಥ ಕಟ್ಟಡದ ಒಳಗಿನ ಸಾಮಾನ್ಯ ಜಾಗದಲ್ಲಿ ನಾಯಿಯನ್ನು ಎತ್ತಿಕೊಂಡಿರಬೇಕು, ಇಲ್ಲವೇ ಕೊರಳಪಟ್ಟಿಯನ್ನೋ ಹಾರ್ನೆಸ್ಸಿನ ಹಿಡಿಯನ್ನೋ ಹಿಡಿದಿರಬೇಕು. ಪುಟ್ಟ ನಾಯಿಯಾದರೆ ಎತ್ತುವುದೇ ವಾಸಿ. ಬಲಗೈ ಎದೆಯ ಕೆಳಗೆ, ಎಡಗೈ ಹಿಂಗಾಲುಗಳ ಅಡಿಗೆ, ಮೂತಿ ನಿಮ್ಮ ಮೊಣಕೈ ಕಡೆಗೆ. ಬೆನ್ನು ಬಾಗಿಲಿಗೆ ಕೊಟ್ಟು ಮೂಲೆಗೆ ನಿಲ್ಲಿ. ಬಾಗಿಲು ತೆರೆದಾಗ ಎದುರಿನವರಿಗೆ ಮೊದಲು ಕಾಣುವುದು ನಿಮ್ಮ ಬೆನ್ನು, ನಾಯಿಗೆ ಯಾರೂ ಕಾಣುವುದಿಲ್ಲ, ಬೊಗಳುವ ಪ್ರಶ್ನೆಯೇ ಏಳುವುದಿಲ್ಲ. ಮಗುವೋ ಹೆದರಿದ ಮುಖವೋ ಒಳಗಿದ್ದರೆ ಆ ಲಿಫ್ಟು ಬಿಟ್ಟುಬಿಡಿ. ‘ನಮ್ಮ ನಾಯಿ ಕಚ್ಚಲ್ಲ’ ಎಂದು ಮಾತ್ರ ಹೇಳಬೇಡಿ. ಬೇಜವಾಬ್ದಾರಿ ಮಾಲೀಕರನ್ನು ಅಣಕಿಸಲು ಕೊರಿಯನ್ನರು ಬಳಸುವ ಮಾತೇ ಅದು.

ಬೊಗಳುವಿಕೆಗೆ ಮುಖ್ಯ ಕಾರಣ ಬಾಗಿಲ ಗಂಟೆ. ಡೆಲಿವರಿ ದಿನವಿಡೀ ಬರುವ ದೇಶವಿದು. ಆರ್ಡರ್ ಮಾಡುವ ಪ್ರತಿ ಆ್ಯಪಿನಲ್ಲೂ ಸೂಚನೆಯ ಜಾಗದಲ್ಲಿ ‘ಗಾಂಗಾಜಿ ಇದೆ, ಗಂಟೆ ಒತ್ತಬೇಡಿ, ಬಾಗಿಲ ಮುಂದೆ ಇಡಿ’ ಎಂಬುದನ್ನು ಕೊರಿಯನ್ನಿನಲ್ಲಿ ಒಮ್ಮೆ ತುಂಬಿಸಿ ಸೇವ್ ಮಾಡಿ. ನಮ್ಮ ಮನೆಯ ಗದ್ದಲ ಅರ್ಧಕ್ಕಿಳಿದದ್ದು ಈ ಒಂದು ಸಾಲಿನಿಂದ.

ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ, ಆದ್ದರಿಂದ ಎತ್ತಿದ ಮಲ ನಿಮ್ಮ ಜತೆಗೇ ಮನೆಗೆ ಬರುತ್ತದೆ. ಮಲವನ್ನು ಟಾಯ್ಲೆಟ್ಟಿಗೆ ಸುರಿದು ಫ್ಲಶ್ ಮಾಡಿ, ಚೀಲವನ್ನು ಜೊಂಗ್ನ್ಯಾಂಗ್ಜೆ ಚೀಲಕ್ಕೆ ಹಾಕಿ. ಅದು ದುಡ್ಡು ಕೊಟ್ಟು ಕೊಳ್ಳುವ ಅಧಿಕೃತ ಕಸದ ಚೀಲ, 1995ರಿಂದ ದೇಶದಾದ್ಯಂತ ಇದೆ, ನಿಮ್ಮ ವಾರ್ಡಿನದನ್ನೇ ಕೊಳ್ಳಬೇಕು. ಉಚ್ಚೆಯ ಪ್ಯಾಡೂ ಇದಕ್ಕೇ. 20 ಲೀಟರಿನ ಚೀಲ ತುಂಬುವ ಹೊತ್ತಿಗೆ ಬೇಸಗೆಯಲ್ಲಿ ಮನೆ ನಾರುತ್ತದೆ, 10 ಲೀಟರಿನದು ತನ್ನಿ. ಕೋಳಿಮೂಳೆ ಆಹಾರ ತ್ಯಾಜ್ಯದ ಡಬ್ಬಿಗೆ ಹೋಗುವುದಿಲ್ಲ, ಅದೂ ಈ ಚೀಲಕ್ಕೇ. ನಾಯಿ ಚೀಲ ಹರಿದು ಅದನ್ನೆಳೆಯದ ಹಾಗೆ ಎತ್ತರದಲ್ಲಿಡಿ. ಲಿಫ್ಟಿನಲ್ಲೋ ಮೆಟ್ಟಿಲಲ್ಲೋ ಜನ ಕೂರುವ ಬೆಂಚಿನ ಮೇಲೋ ಉಚ್ಚೆ ಹೊಯ್ದರೆ ಒರೆಸುವುದು ಕಾನೂನು. ಬೀದಿಯ ಕಂಬಕ್ಕೆ ಅರ್ಧ ಲೀಟರ್ ಬಾಟಲಿಯ ನೀರು ಸುರಿದು ಹೋಗುವುದು ಮರ್ಯಾದೆ. ಆದರೆ ಜನವರಿಯಲ್ಲಿ ಸುರಿಯಬೇಡಿ, ಹೆಪ್ಪುಗಟ್ಟಿ ಯಾರಾದರೂ ಜಾರುತ್ತಾರೆ.

ಚಳಿಗಾಲದಲ್ಲಿ ನೋಡಬೇಕಾದದ್ದು ಪಾದ. ಹಿಮ ಕರಗಿಸಲು ರಸ್ತೆಗೆ ಎರಚುವ ಕ್ಯಾಲ್ಸಿಯಂ ಕ್ಲೋರೈಡ್ ತೇವ ಸೇರಿದರೆ ಬಿಸಿಯಾಗುತ್ತದೆ, ಬೆರಳ ಸಂದಿಯ ಚರ್ಮ ಸುಡುತ್ತದೆ. ನಾಯಿ ನೆಕ್ಕಿದರೆ ವಾಂತಿ. ಬಾಗಿಲಲ್ಲೇ ಒಂದು ಅಗಲ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಒಂದೊಂದೇ ಪಾದ ಅದ್ದಿ, ಬೆರಳುಗಳನ್ನು ಬಿಡಿಸಿ ತೊಳೆದು, ಸಂದಿಯೊಳಗೆ ಬಟ್ಟೆ ತೂರಿಸಿ ಒಣಗಿಸಿ. ಒದ್ದೆ ಬಿಟ್ಟರೆ ಎರಡು ದಿನದಲ್ಲಿ ಕೆಂಪಾಗಿ ಕುಂಟುತ್ತದೆ.

ಇಲ್ಲಿ ಮನೆಯನ್ನು ಕಾಯಿಸುವುದು ನೆಲದಡಿಯಿಂದ, ಹಾಗಾಗಿ ನೆಲ ಬಿಸಿ, ಜತೆಗೆ ನುಣುಪು. ಹಾಸಿದ ಲಿನೋಲಿಯಂ ಮೇಲೆ ಓಡಿ ತಿರುಗುವ ಸಣ್ಣ ಜಾತಿಗಳಿಗೆ ಮಂಡಿಚಿಪ್ಪು ಜಾರುವ ತೊಂದರೆ ಇಲ್ಲಿ ಮನೆಮನೆಯ ಮಾತು. ಸೋಫಾದಿಂದ ಇಳಿಯುವ ಜಾಗ, ತಿರುವು, ಊಟದ ಬಟ್ಟಲಿನ ಮುಂದೆ ಇಷ್ಟು ಕಡೆ ಜಾರದ ಮ್ಯಾಟ್ ಸಾಕು. ಪೂರ್ತಿ ನೆಲ ಮುಚ್ಚಿದರೆ ಕೆಳಗಿನ ಶಾಖ ಮೇಲೆ ಬರದೆ ಬಾಯ್ಲರ್ ಜಾಸ್ತಿ ಉರಿಸುತ್ತೀರಿ. ನಾಯಿಗೆ ತಂಪಿನ ಜಾಗ ಒಂದು ಬಿಟ್ಟಿರಲಿ. ಬಾಗಿಲ ಬಳಿ ಚಪ್ಪಲಿ ಬಿಡುವ ಟೈಲ್ಸ್ ಮೇಲೆ ಹೋಗಿ ಮಲಗಿತೆಂದರೆ ಥರ್ಮೋಸ್ಟಾಟ್ ಇಳಿಸಿ.

ಏಪ್ರಿಲಿನಿಂದ ನವೆಂಬರಿನವರೆಗೆ ಹುಲ್ಲಲ್ಲಿ ಉಣ್ಣಿ, ಸೊಳ್ಳೆ. ತಿಂಗಳ ಔಷಧಿ ತಪ್ಪಿಸಬೇಡಿ. ಬುಕ್‌ಹಾನ್‌ಸಾನ್ ಸೇರಿ ರಾಷ್ಟ್ರೀಯ ಉದ್ಯಾನಗಳಿಗೆ ಸಾಮಾನ್ಯವಾಗಿ ನಾಯಿ ಒಯ್ಯುವಂತಿಲ್ಲ. ಮೆಟ್ರೋದಲ್ಲಿ ಮೈಯೆಲ್ಲ ಮುಚ್ಚುವ ಚೀಲವಿದ್ದರೆ ಆಯಿತು, ತಲೆ ಹೊರಗೆ ಇಣುಕುವಂತಿಲ್ಲ.

ಊಟದಲ್ಲಿ ಒಂದು ಎಚ್ಚರ. ಕೊರಿಯನ್ ಪಲ್ಯ, ಮಾಂಸ, ಸಾರು ಯಾವುದರಲ್ಲೂ ಬೆಳ್ಳುಳ್ಳಿ, ಈರುಳ್ಳಿಸೊಪ್ಪು ಇದ್ದೇ ಇರುತ್ತದೆ, ಎರಡೂ ನಾಯಿಯ ರಕ್ತಕಣ ಒಡೆಯುತ್ತವೆ. ತಟ್ಟೆಯ ತುಣುಕು ಬೇಡ. ಮೊಸರನ್ನ ಕೊಡುವ ನಮ್ಮವರು ಅಂಗಡಿಯ ಮೊಸರಿನ ಲೇಬಲ್ ಓದಿ: ಹೆಚ್ಚಿನವು ಸಿಹಿ. ಸಕ್ಕರೆ ಇಲ್ಲ ಎಂದಿದ್ದರೆ ಬದಲಿಗೆ ಏನು ಹಾಕಿದ್ದಾರೆ ನೋಡಿ, ಕ್ಸೈಲಿಟಾಲ್ ಇದ್ದರೆ ನಾಯಿಗೆ ವಿಷ. ಬದಲಿಗೆ ಇಲ್ಲಿನವರೇ ಕೊಡುವ ಹ್ವಾಂಗ್ತೆ, ಅಂದರೆ ಒಣಗಿಸಿದ ಪೊಲಾಕ್ ಮೀನು, ಒಳ್ಳೆಯದು. ಒಂದು ಹಿಡಿ ಎಸಳನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಇನ್ನೆರಡು ಸಲ ಹಾಗೇ ಮಾಡಿ ಉಪ್ಪು ಬಿಡಿಸಿ. ಹಿಂಡಿ, ಬೆರಳಲ್ಲೇ ಎಸಳೆಸಳು ಬಿಡಿಸುತ್ತ ಮುಳ್ಳು ಹುಡುಕಿ: ಕಣ್ಣಿಗೆ ಕಾಣುವುದಿಲ್ಲ, ಚುಚ್ಚಿದರೆ ತಿಳಿಯುತ್ತದೆ. ಆಮೇಲೆ ಬರೀ ನೀರಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಎರಡು ಚಮಚ ಸಾರು ಒಣ ಆಹಾರಕ್ಕೆ ಬೆರೆಸಿ. ಉಳಿದದ್ದನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿದರೆ ಎರಡು ವಾರಕ್ಕೆ ಬರುತ್ತದೆ.